ಮೂರನೇ ಅಧ್ಯಾಯ ಉದ್ದವಾಯಿತು ಎಂದ ತಜ್ಞರ ಬಗ್ಗೆ

ಮಾನ್ಯ ಡೀನ್ ಅವರೇ,

ನನ್ನ ಅಧ್ಯಾಪಕ ಹುದ್ದೆಯನ್ನು ಕಾಯಂ ಮಾಡಲಾಗದು ಎಂದು ನಿಮ್ಮ ಸಮಿತಿ ತೀರ್ಮಾನಿಸಿದೆ. ಮೇ ತಿಂಗಳಿಗೆ ನಾನು ಕೆಲಸ ಬಿಡಬೇಕು. ಇದಕ್ಕೆ ಎರಡು ಕಾರಣ ಕೊಟ್ಟಿದ್ದೀರಿ. ನನ್ನದು ಸಂಶೋಧನೆಯಲ್ಲ, ಚಳವಳಿ ಎಂಬುದು ಒಂದು. ಹೆಸರು ಗುಟ್ಟಾಗಿಟ್ಟಿರುವ ತಜ್ಞರೊಬ್ಬರಿಗೆ ನನ್ನ ಪುಸ್ತಕದ ಮೂರನೇ ಅಧ್ಯಾಯ ಉದ್ದವೆನಿಸಿತು ಎಂಬುದು ಇನ್ನೊಂದು.

ಮೊದಲು ಚಳವಳಿಯ ವಿಚಾರ. ಅಲಬಾಮದ ಈ ನಮ್ಮ ಊರಿನ ಶಾಲೆಗಳಲ್ಲಿ ಕಪ್ಪು ಹುಡುಗಿಯರನ್ನು ಏಕೆ ಅಷ್ಟೊಂದು ಸಲ ತರಗತಿಯಿಂದ ಹೊರಗೆ ಹಾಕುತ್ತಾರೆ ಎಂದು ತಿಳಿಯಲು ನಾನು ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕುಳಿತೆ. ಬಿಳಿ ಹುಡುಗಿ ನಕ್ಕರೆ ಉತ್ಸಾಹ, ಕಪ್ಪು ಹುಡುಗಿ ನಕ್ಕರೆ ಶಿಸ್ತುಭಂಗ. ಅದೂ ಒಂದೇ ಜೋಕಿಗೆ. ಜೋಕು ಹೇಳಿದವರು ಮೇಷ್ಟ್ರೇ. ಇದನ್ನೆಲ್ಲ ಬರೆದು, ಚರ್ಚಿನ ನೆಲಮಾಳಿಗೆಯಲ್ಲಿ ತಾಯಂದಿರಿಗೆ ಓದಿ ಹೇಳಿದೆ. ಅವರು ಅದನ್ನು ಶಾಲಾ ಮಂಡಳಿಗೆ ಒಯ್ದರು. ‘ಅತಿಯಾದ ನಗು’ ಕುರಿತ ನಿಯಮ ರದ್ದಾಯಿತು.

ನಾನು ದಾರಿ ತಪ್ಪಿದ್ದು ಅಲ್ಲೇ ಎನ್ನುತ್ತೀರಿ. ಬರೆದದ್ದು ಗ್ರಂಥಾಲಯದಲ್ಲಿ ಧೂಳು ತಿಂದರೆ ವಿದ್ವತ್ತು. ಅದರಿಂದ ಒಬ್ಬ ಹುಡುಗಿ ತರಗತಿಯಲ್ಲೇ ಉಳಿದರೆ ಚಳವಳಿ. ಎಂಜಿನಿಯರಿಂಗ್ ವಿಭಾಗದವರು ಕಟ್ಟಿದ ಸೇತುವೆಯ ಮೇಲೆ ಜನ ಓಡಾಡಿದರೆ ಅವರಿಗೂ ಹೀಗೇ ನೋಟಿಸು ಕೊಡುತ್ತೀರಾ?

ಇನ್ನು ಆ ತಜ್ಞರು. ಕಪ್ಪು ಹೆಂಗಸರು, ಶಿಕ್ಷಣ ಎಂಬ ಎರಡು ಪದ ಜೊತೆಗೆ ಕಂಡರೆ ಕಾಗದ ನನ್ನ ಮೇಜಿಗೆ ಬರುವುದು ನಿಮ್ಮ ಕಚೇರಿಯ ರೂಢಿ. ಸಮಾನತೆಯ ಸಮಿತಿಯಲ್ಲಿ ನಾನಿದ್ದೇನೆ. ಕಪ್ಪು ಅಧ್ಯಾಪಕಿಯರನ್ನು ಅಷ್ಟೊಂದು ಸಮಿತಿಗಳಿಗೆ ಏಕೆ ಹಾಕುತ್ತಾರೆ ಎಂದು ಪರಿಶೀಲಿಸುವ ಸಮಿತಿಯಲ್ಲೂ ನಾನಿದ್ದೇನೆ. ಹಾಗಾಗಿ ಅಕ್ಟೋಬರಿನಲ್ಲಿ, ಹುದ್ದೆ ಕಾಯಂ ಆಗಬೇಕಿರುವ ಯಾರೋ ಅಭ್ಯರ್ಥಿಯ ಪುಸ್ತಕ, ಹೆಸರಿಗೆ ಮಸಿ ಬಳಿಸಿಕೊಂಡು, ಅಭಿಪ್ರಾಯಕ್ಕೆಂದು ನನ್ನಲ್ಲಿಗೆ ಬಂತು. ತೆರೆದು ನೋಡಿ ನಿಮ್ಮ ಸಹಾಯಕ ಡ್ವೈಟ್‌ಗೆ ಫೋನ್ ಮಾಡಿದೆ.

“ಡ್ವೈಟ್, ಇದು ನನ್ನದೇ ಪುಸ್ತಕ ಕಣಪ್ಪ.”

“ಹೆಸರಿಗೆ ಮಸಿ ಬಳ್ದಿದೀವಲ್ಲ ಡಾಕ್ಟ್ರೇ, ನಿಮ್ದೇ ಅಂತ ಹೇಗೆ ಹೇಳ್ತೀರಾ?”

“ಬರ್ದೋಳು ನಾನು.”

“ಅದನ್ನ ನೀವು ನಂಗೆ ಹೇಳ್ಬಾರ್ದಿತ್ತು. ಗೌಪ್ಯತೆ ಹಾಳಾಯ್ತು. ನಾನು ಕೇಳಿಸ್ಕೊಂಡೇ ಇಲ್ಲ ಅಂತ ಇಟ್ಕೊಳ್ಳಿ. ಶುಕ್ರವಾರದೊಳಗೆ ಕಳಿಸ್ಬಿಡಿ.”

ಬೇರೆ ದಾರಿಯಿಲ್ಲದೆ ಬರೆದೆ. ಲೇಖಕಿ ನಾನೇ ಎಂದು ಮೊದಲ ಸಾಲಿನಲ್ಲೇ ತಿಳಿಸಿದೆ. ನಿಯಮದಂತೆ ಆ ಸಾಲಿಗೂ ಮಸಿ ಬಿತ್ತು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಚೆನ್ನಾಗಿರದೆಂದು ಹೊಗಳಿಕೆಯನ್ನು ಹಿಡಿತದಲ್ಲಿಟ್ಟೆ. ಮೂರನೇ ಅಧ್ಯಾಯ ತುಸು ಉದ್ದ ಎಂದೆ. ಉದ್ದವೇ. ಆದರೆ ಅದಕ್ಕೆ ಕೆಲಸ ಹೋಗುತ್ತದೆಂದು ಗೊತ್ತಿದ್ದರೆ ಗಿಡ್ಡ ಎನ್ನುತ್ತಿದ್ದೆ.

ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಕುಳಿತಾಗ ಇದನ್ನು ಲೂವೇನಿಯಾ ಅತ್ತೆಗೆ ಹೇಳಿದೆ.

“ಅಂದ್ರೆ ನಿನ್ನನ್ನ ನೀನೇ ಫೇಲ್ ಮಾಡ್ಕೊಂಡ್ಯಾ?”

“ನಾನಲ್ಲ ಅತ್ತೆ, ಸಮಿತಿ.”

“ನಮ್ಮ ಕಾಲದಲ್ಲಿ ನಮ್ಮನ್ನ ಹೊರಗೆ ಹಾಕ್ಬೇಕಂದ್ರೆ ಬಿಳಿಯರೇ ಎದ್ದು ಬರ್ಬೇಕಿತ್ತು. ಈಗ ಆ ಕೆಲ್ಸಾನೂ ನಮ್ಮ ಕೈಲೇ ಮಾಡಿಸ್ತಾರೆ ನೋಡು. ಕೋಳಿ ಹಾಕ್ಕೋ.”

ನನ್ನ ಬೇಡಿಕೆ ಸರಳ. ಈ ತೀರ್ಮಾನವನ್ನು ರದ್ದುಮಾಡಿ, ನನ್ನ ಪುಸ್ತಕವನ್ನು ನಾನಲ್ಲದ ಯಾರಿಗಾದರೂ ಕಳಿಸಿ. ಈ ವಿಷಯ ಬಲ್ಲ ಕಪ್ಪು ವಿದ್ವಾಂಸೆಯರು ಅಟ್ಲಾಂಟಾದಿಂದ ಷಿಕಾಗೊವರೆಗೆ ತುಂಬಿದ್ದಾರೆ. ಅವರಿಗೂ ಅಂಚೆ ವಿಳಾಸವಿದೆ.

ಮರುಪರಿಶೀಲನೆ ಸಾಧ್ಯವಿಲ್ಲವೆಂದರೂ ಚಿಂತೆಯಿಲ್ಲ. ನಾನು ಬಿಟ್ಟುಹೋಗುವ ಹುದ್ದೆಗೆ ಯೋಗ್ಯರನ್ನು ಹುಡುಕುವ ಸಮಿತಿಗೆ ಅಧ್ಯಕ್ಷೆಯಾಗಬೇಕೆಂದು ನಿಮ್ಮ ಕಚೇರಿ ಮೊನ್ನೆ ನನ್ನನ್ನೇ ಕೇಳಿಕೊಂಡಿದೆ. ಒಪ್ಪಿಕೊಂಡಿದ್ದೇನೆ. ನನ್ನ ಮನಸ್ಸಿನಲ್ಲಿ ಒಬ್ಬಳಿದ್ದಾಳೆ. ಅವಳ ಮೂರನೇ ಅಧ್ಯಾಯ ತುಸು ಉದ್ದ, ಅಷ್ಟೆ.

ಇಂತಿ,
ಮೇ ತಿಂಗಳವರೆಗಂತೂ ನಿಮ್ಮ ಸಹೋದ್ಯೋಗಿ,
ಡಾ. ಒರೀಲಿಯಾ ಗ್ಯಾದರ್ಸ್