ಮೂರು ರಾಣಿಯರನ್ನು ಬಿಟ್ಟೆ

ಅಪ್ಪಾ,

ಇವತ್ತು ಮಧ್ಯಾಹ್ನ ಟೈಲರ್ ಮಾಮನ ಅಂಗಡಿಯ ಹಿಂದಿನ ಕೋಣೆಯಲ್ಲಿ, ನಿನ್ನ ಕುರ್ಚಿಯಲ್ಲೇ ಕೂತು ಪೋಕರ್ ಆಡಿದೆ. ಮನೆಯಲ್ಲಿ ಇಸ್ಪೀಟು ಎಲೆ ಕಲಸುವುದರಿಂದ ಹಿಡಿದು ಎಲ್ಲ ಕಲಿಸಿದವನು ನೀನು. ಆ ಕೋಣೆಗೆ ಬರ್ತೀನಿ ಅಂದರೆ ಮಾತ್ರ "ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ?" ಅಂತಿದ್ದೆ. ನೀನು ಹೋದಮೇಲೆ ಮಾಮನೇ ಕರೆದರು. ದೊಡ್ಡ ದುಡ್ಡಿನ ಆಟವೇನಲ್ಲ, ಸೋತರೆ ಒಂದು ಹೊತ್ತಿನ ಊಟ ಹೋದ ಹಾಗೆ.

ನನ್ನ ಕೈಗೆ ಮೂರು ರಾಣಿಯರು ಬಂದಿದ್ದರು. ಎದುರಿಗೆ ನಿನ್ನ ಗೆಳೆಯ, ರೈಲು ಡ್ರೈವರ್. ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಾಗಲೆಲ್ಲ ಅವರು ಬಾಯಿಗೆ ಬಿಡುವು ಕೊಡದೆ ಹರಟುತ್ತಾರೆ. ಆಟ ಶುರುವಾದಾಗಿನಿಂದ ಗಮನಿಸಿದ್ದೆ. ಈ ಸಲ ಮಾತ್ರ ತುಟಿ ಪಿಟಕ್ಕೆನ್ನದೆ ತಮ್ಮ ಪಣದ ಬಿಲ್ಲೆಗಳನ್ನೆಲ್ಲ ಮೆಲ್ಲಗೆ ನಡುವಿಗೆ ತಳ್ಳಿದರು.

"ಏನಮ್ಮಾ, ಹೆದರಿದ್ಯಾ?" ಮಾಮ ಕೆಣಕಿದರು.

"ಹೆದರಿಲ್ಲ ಮಾಮ. ಇವರು ಸುಮ್ಮನಾಗ್ಬಿಟ್ರಲ್ಲ, ಅದಕ್ಕೇ ಈ ಕೈ ಬಿಡ್ತಿದೀನಿ," ಎಂದು ರಾಣಿಯರನ್ನು ತೆರೆದಿಟ್ಟೆ.

ಡ್ರೈವರ್ ಕಣ್ಣರಳಿಸಿ ತಮ್ಮ ಎಲೆಗಳನ್ನು ತೋರಿಸಿದರು. ಐದೂ ಒಂದೇ ಜಾತಿ, ಆಟೀನು! ನನ್ನ ರಾಣಿಯರನ್ನು ನುಂಗಿ ನೀರು ಕುಡಿಯುವ ಕೈ.

"ಮೂರು ರಾಣಿ ಇರೋ ಕೈನ ನಿಮ್ಮಪ್ಪ ಸತ್ರೂ ಬಿಡ್ತಿರಲಿಲ್ಲ ಕಣಮ್ಮಾ," ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು.

ಮೊದಲು ನಕ್ಕವಳು ನಾನೇ. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಮುಂದಿನ ಆಟಗಳನ್ನಾಡಿ ಸಂಜೆ ಗೆದ್ದೇ ಎದ್ದೆ, ತಲೆ ಎತ್ತಿಕೊಂಡು ಮನೆಗೆ ಬಂದೆ.

ಒಂದೇ ಒಂದು ದಿನ ಎದುರಿಗೆ ನೀನು ಕೂತಿರಬೇಕಿತ್ತು ಅಪ್ಪಾ. ನಿನ್ನನ್ನು ಮಾತ್ರ ಬಿಡುತ್ತಿರಲಿಲ್ಲ.