ಸಾರಿನ ಉಪ್ಪು ನೋಡುವವರು

ವಸಂತನರಸಾಪುರ
18 ಆಗಸ್ಟ್ 2024, ಭಾನುವಾರ

ಚಿರಂಜೀವಿ ಗುರುಪ್ರಕಾಶನಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನಗೆ ಕುಣಿಗಲ್ಲಿಗೆ ವರ್ಗವಾಯಿತು, ನನಗೆ ವಯಸ್ಸಾಯಿತು, ಕೈ ನಡುಗುತ್ತದೆ, ಊಟಕ್ಕೆ ಬರುವ ಫ್ಯಾಕ್ಟರಿಯವರ ಮೇಲೆ ರೇಗುತ್ತೇನೆ, ಆದ್ದರಿಂದ ಮೆಸ್ಸು ಮುಚ್ಚಿ ನಾನೂ ನಿನ್ನ ಹೆಂಡತಿ ಶಿಲ್ಪಾಳೂ ಅಲ್ಲಿಗೆ ಬಂದುಬಿಡಬೇಕು ಎಂದೆಯಲ್ಲ. ತುಮಕೂರಿನ ಡಾಕ್ಟರು ವಯಸ್ಸಿನ ಮಾತೇ ಎತ್ತಲಿಲ್ಲ. ರಕ್ತದಲ್ಲಿ ಥೈರಾಯ್ಡ್ ಹೆಚ್ಚಿದೆ; ಕತ್ತಿನಲ್ಲಿರುವ ಅದರ ಗ್ರಂಥಿ ಮಿತಿಮೀರಿ ದುಡಿಯುತ್ತಿದೆಯೋ, ಊದಿಕೊಂಡು ಕೂಡಿಟ್ಟದ್ದನ್ನು ಚೆಲ್ಲುತ್ತಿದೆಯೋ ನೋಡಬೇಕು, ಎರಡಕ್ಕೂ ಔಷಧಿ ಬೇರೆ ಎಂದರು. ವಿಕಿರಣದ ಅಯೋಡಿನ್ ಇರುವ ಮಾತ್ರೆ ನುಂಗಿಸಿ, ಗ್ರಂಥಿ ಅದನ್ನು ಎಷ್ಟು ಎಳೆದುಕೊಂಡಿತೆಂದು ಯಂತ್ರದಲ್ಲಿ ಅಳೆಯುತ್ತಾರೆ. ಅದಕ್ಕೆ ಮೊದಲು ಕೆಲವು ದಿನ ಅಯೋಡಿನ್ ಉಪ್ಪು ಬಿಡಬೇಕು; ಉಪ್ಪಿನದೇ ತುಂಬಿಕೊಂಡಿದ್ದರೆ ಗ್ರಂಥಿ ಮಾತ್ರೆಯದನ್ನು ಎಳೆದುಕೊಳ್ಳುವುದಿಲ್ಲವಂತೆ.

ಅಯೋಡಿನ್ ಇಲ್ಲದ ಉಪ್ಪು ತರಿಸಿ ನನ್ನ ಅಡಿಗೆ ಬೇರೆ ಮಾಡಿಕೊಂಡೆ. ಪರೀಕ್ಷೆಯ ದಿನ ಡಾಕ್ಟರು, ಮೆಸ್ಸಿನಲ್ಲಿ ಸಾರಿನ ರುಚಿ ಯಾರು ನೋಡುತ್ತಾರೆ ಎಂದು ಕೇಳಿದರು. ಇನ್ಯಾರು, ನಾನೇ ಎಂದೆ.

“ಅಮ್ಮಾ, ಅಂಗೈಗೆ ಹಾಕ್ಕೊಂಡು ನೆಕ್ಕಿದ್ದು ಎಲ್ಲಿಗೆ ಹೋಗುತ್ತೆ? ಹೊಟ್ಟೆಗೇ ತಾನೆ?” ಎಂದರು.

ಅದೂ ಊಟವೇ ಎಂದು ನನಗೆ ಹೊಳೆದಿರಲಿಲ್ಲ. ಅವತ್ತೇ ಅಳೆದಿದ್ದರೆ, ಕಡಿಮೆ ಬಂದರೂ ಅದು ಕಾಯಿಲೆಯಿಂದಲೋ ಉಪ್ಪಿನಿಂದಲೋ ತಿಳಿಯುತ್ತಿರಲಿಲ್ಲವಂತೆ. ವಾಪಸು ಕಳಿಸಿದರು.

ಬಂದವಳೇ ಸೌಟನ್ನು ಶಿಲ್ಪಾಳ ಕೈಗೆ ಕೊಟ್ಟೆ. “ಅತ್ತೆ, ಉಪ್ಪು ಜಾಸ್ತಿ ಆದ್ರೆ?” ಎಂದಳು.

“ಆದ್ರೆ ಬೈಸ್ಕೋ. ನಾನೂ ಬೈಸ್ಕೊಂಡೇ ಕಲ್ತಿದ್ದು ಕಣೇ,” ಎಂದೆ.

ಸಾರು ಕುದಿಯುವಾಗ ಕೈಕಟ್ಟಿ ಕೂರುವುದು ಏನೆಂದು ನಿನಗೆ ಗೊತ್ತಿಲ್ಲ. ಆದರೂ ಒಂದು ತೊಟ್ಟೂ ಮುಟ್ಟಲಿಲ್ಲ.

ಮತ್ತೆ ಅಷ್ಟು ದಿನ ಪಥ್ಯ ಮಾಡಿ, ಹೋಗಿ ಮಾತ್ರೆ ನುಂಗಿದೆ. ಆ ಮಧ್ಯಾಹ್ನವೂ ಮರುದಿನವೂ ಕತ್ತಿನ ಮುಂದೆ ಯಂತ್ರವಿಟ್ಟು ಅಳೆದರು. ಗ್ರಂಥಿ ಎಳೆದುಕೊಂಡದ್ದು ತೀರಾ ಕಡಿಮೆ. ಅಂದರೆ ಊತ, ಕೆಲವು ತಿಂಗಳಲ್ಲಿ ತಾನಾಗಿ ಇಳಿಯಬಹುದು, ನಡುಕಕ್ಕೆ ಸದ್ಯ ಒಂದು ಮಾತ್ರೆ ಸಾಕು, ಆಗಾಗ ರಕ್ತ ಕೊಟ್ಟು ನೋಡಿಸಬೇಕು ಎಂದರು.

ಆದ್ದರಿಂದ ಮೆಸ್ಸು ಮುಚ್ಚುವುದಿಲ್ಲ. ಹೆಂಡತಿ ಜೊತೆಗಿರಬೇಕಾದರೆ ನೀನೇ ಇಲ್ಲಿಂದ ಓಡಾಡು. ತುಮಕೂರಿಗೂ ಕುಣಿಗಲ್ಲಿಗೂ ನಡುವೆ ಬಸ್ಸಿಗೇನೂ ಬರವಿಲ್ಲ.

ಇತಿ,
ನಿನ್ನ ತಾಯಿ
ಕಲ್ಲಮ್ಮ

ವಿ.ಸೂ.: ಉಪ್ಪಿನ ಪಥ್ಯ ಮುಗಿದಿದೆ. ಸೌಟು ಮಾತ್ರ ಇನ್ನೂ ಶಿಲ್ಪಾಳ ಹತ್ತಿರವೇ ಇದೆ. ನಿನ್ನೆ ಫ್ಯಾಕ್ಟರಿಯವರು, ಸಾರು ಮೊದಲಿಗಿಂತ ಚೆನ್ನಾಗಿದೆಯಲ್ಲ, ಏನು ಹಾಕಿದಿರಿ ಎಂದು ಕೇಳಿದರು. “ನನ್ನ ಕೈರುಚಿ ಕಣ್ರಪ್ಪಾ,” ಎಂದುಬಿಟ್ಟೆ. ಅವಳು ಕೇಳಿಸಿಕೊಂಡೇ ಅವರಿಗೆ ಇನ್ನೊಂದು ಸೌಟು ಬಡಿಸಿದಳು. ಹೊಗಳಿಕೆ ಅವಳದೇ ಎಂದು ಅವಳಿಗೆ ನೀನಾದರೂ ಹೇಳು. ನನ್ನ ಬಾಯಲ್ಲಿ ಬರುವುದಿಲ್ಲ.