ಅಂಟವಾಳದಾಗ ಒಗೆದ ಸೀರಿ

ಗೋದಕ್ಕಾ,

ಇವತ್ತ ಕೋರ್ಟಿನವ್ರು ನಿನ್ನ ಗಂಡನ್ನ ಬಿಟ್ಟಬಿಟ್ರು. ಅವನ್ನ ಭಾವ ಅನ್ನಲಿಕ್ಕೆ ನನ್ನ ನಾಲಿಗಿ ಹೊಳ್ಳವಲ್ದು.

ನೀ ಕಾಲರಾದಿಂದ ಸತ್ತಿ ಅಂತ ಊರಿಗೆಲ್ಲಾ ಹೇಳಿ, ಅವತ್ತೇ ಲಗೂನ ಹೊಳೆಮಣ್ಣೂರ ಹೊಳಿ ದಂಡಿಮ್ಯಾಲೆ ಸುಟ್ಟಬಿಟ್ಟಿದ್ದ. ಅವ ನಿನಗ ಹಾಕಿದ ವಿಷಕ್ಕ ಸಾಕ್ಷಿ ಅಂತ ಉಳದದ್ದು ನೀ ವಾಂತಿ ಮಾಡಿಕೊಂಡಿದ್ದ ಇಳಕಲ್ ಸೀರಿ ಒಂದೇ. ಪೊಲೀಸರು ಅದನ್ನ ಮುಂಬೈಗೆ, ಸರ್ಕಾರದ ಪ್ರಯೋಗಶಾಲೆಗೆ ಕಳಸ್ತೀವಿ ಅಂದ್ರು. ಮಗಳ ಹೊಲಸು ಸೀರಿ ಪರಗಂಡಸರ ಕೈಗೆ ಹ್ಯಾಂಗ ಕೊಡೂದು ಅಂತ ಅವ್ವ ಅಂಟವಾಳ ಹಾಕಿ ಒಗದ್ಲು. ಅಂಗಳದಾಗ ಅದು ಒಣಗೂದನ್ನ ಮನಿಮಂದಿ ಎಲ್ಲಾರೂ ನೋಡಿದ್ವಿ.

ಮುಂಬೈದವ್ರಿಗೆ ವಿಷ ಸಿಗಲಿಲ್ಲ.

ಕೋರ್ಟಿನ ಬಾಗಿಲದಾಗ ಆ ನಾಯಿ ಅವ್ವಗ ಕೈಮುಗದು, "ಭಾಳ ಚಲೋ ಒಗದಿದ್ರಿ, ಅತ್ತಿ" ಅಂದ.

ಅವ್ವ ತಲಿಮ್ಯಾಲೆ ಸೆರಗು ಎಳಕೊಂಡು, ಅಳಿಯಗ ದಾರಿ ಬಿಟ್ಟು ನಿಂತ್ಲು.